ತವರಿನ ತವರು ಹುಡುಕುವುದು ಹೇಗೆ: ತಾಯಿ ಎಳೆ, ತಂದೆ ಎಳೆ ಹಿಡಿದು ಹಿಂದಕ್ಕೆ ಹೋಗುವ ಸಮಗ್ರ ಮಾರ್ಗದರ್ಶಿ

ಮಂಡ್ಯ ಕಡೆ ಯಾವ ಮನೆಗೆ ಹೋಗಿ ಕೇಳಿದರೂ ಗಂಡಸರ ಹೆಸರು ನಾಲ್ಕೈದು ತಲೆಮಾರು ಸರಾಗವಾಗಿ ಬರುತ್ತೆ. ಪಹಣಿಯಲ್ಲಿದೆ, ವಂಶವೃಕ್ಷದಲ್ಲಿದೆ, ವಂಶಾವಳಿ ಹೇಳುವ ಹೆಳವರು ಬರುವ ಮನೆಯಾದರೆ ಅವರ ಬಾಯಲ್ಲೂ ಇದೆ. ಈಗ ಇನ್ನೊಂದು ಪ್ರಶ್ನೆ ಕೇಳಿ: "ನಿಮ್ಮಜ್ಜಿಯ ಅವ್ವನ ಹೆಸರೇನು? ಅವರ ತವರು ಯಾವೂರು?" ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡ್ತಾರೆ. ನಮ್ಮನೇಲೂ ಹಾಗೇ ಆಯ್ತು.

ಕಾಗದದಲ್ಲಿ ಹೆಸರಿಲ್ಲದ ಆ ಹೆಣ್ಣುಮಕ್ಕಳ ಗುರುತು ನಮ್ಮ ಮೈಯೊಳಗೆ ಹಾಗೇ ಉಳಿದಿದೆ. ಅದನ್ನು ಓದುವುದು ಹೇಗೆ, ಓದುವ ಮುಂಚೆ ಏನು ಮಾಡಬೇಕು, ಓದಿದ ಮೇಲೆ ಯಾವ ತೀರ್ಮಾನಕ್ಕೆ ಬರಬಾರದು, ಇಷ್ಟನ್ನೂ ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಎರಡು ಎಳೆ ಅಂದರೆ ಏನು

ನಮ್ಮ ಡಿಎನ್‌ಎಯ ಬಹುಪಾಲು ಪ್ರತಿ ತಲೆಮಾರಿನಲ್ಲೂ ಕಲಸಿಹೋಗುತ್ತೆ. ಅಪ್ಪನದು ಅರ್ಧ, ಅವ್ವನದು ಅರ್ಧ, ಯಾವ ಅರ್ಧ ಬರುತ್ತೆ ಅನ್ನೋದು ಪ್ರತಿ ಮಗುವಿಗೂ ಬೇರೆ. ಎರಡು ತುಣುಕು ಮಾತ್ರ ಹೀಗೆ ಕಲಸುವುದಿಲ್ಲ.

ಒಂದು ಮೈಟೊಕಾಂಡ್ರಿಯದ ಡಿಎನ್‌ಎ. ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ ಮೈಟೊಕಾಂಡ್ರಿಯ. ಅದಕ್ಕೆ ತನ್ನದೇ ಡಿಎನ್‌ಎ ಇದೆ, ಬಳೆಯ ಹಾಗೆ ಗುಂಡಗೆ, 16,569 ಅಕ್ಷರ ಉದ್ದ (ಎ, ಸಿ, ಜಿ, ಟಿ ಅನ್ನುವ ನಾಲ್ಕೇ ರಾಸಾಯನಿಕ ಅಕ್ಷರ), 37 ಜೀನುಗಳು. ಅವ್ವನಿಂದ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಬರುತ್ತೆ, ಆದರೆ ಮುಂದಕ್ಕೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಇನ್ನೊಂದು ವೈ ಕ್ರೋಮೊಸೋಮ್. ಅದು 6 ಕೋಟಿಗೂ ಜಾಸ್ತಿ ಅಕ್ಷರದ್ದು, ಅಪ್ಪನಿಂದ ಮಗನಿಗೆ ಮಾತ್ರ ಬರುತ್ತೆ. ಅದರ ತುದಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಕಲಸದೆ ಬರುತ್ತೆ.

ನಕಲಾಗುವಾಗ ಅಪರೂಪಕ್ಕೆ ಒಂದು ಅಕ್ಷರ ಬದಲಾಗುತ್ತೆ. ಅದಕ್ಕೆ ಮ್ಯುಟೇಶನ್ ಅಂತಾರೆ. ಒಮ್ಮೆ ಬದಲಾದದ್ದು ಆ ಎಳೆಯಲ್ಲಿ ಮುಂದೆ ಬರುವವರಿಗೆಲ್ಲ ದಾಟುತ್ತೆ. ಒಂದೇ ಬದಲಾವಣೆ ಇರುವವರನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿದರೆ ಅದೇ ಹ್ಯಾಪ್ಲೊಗ್ರೂಪ್. ಗುಂಪೊಳಗೆ ಕೊಂಬೆ, ಕೊಂಬೆಯೊಳಗೆ ರೆಂಬೆ. ಹೀಗೆ ಇಡೀ ಮನುಷ್ಯ ಕುಲದ್ದೇ ಒಂದು ಮರ ಆಗುತ್ತೆ.

ಈ ಮರದ ಬುಡ ಆಫ್ರಿಕಾದಲ್ಲಿದೆ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಅಲನ್ ವಿಲ್ಸನ್ 147 ಜನರ ಮೈಟೊಕಾಂಡ್ರಿಯ ಹೋಲಿಸಿ, ಎಲ್ಲರ ತಾಯಿ ಎಳೆಯೂ ಸುಮಾರು 2 ಲಕ್ಷ ವರ್ಷದ ಹಿಂದಿನ ಒಬ್ಬ ಆಫ್ರಿಕನ್ ಹೆಂಗಸಿಗೆ ಹೋಗಿ ಸೇರುತ್ತೆ ಅಂತ ತೋರಿಸಿದರು. ಆಗ ಅವಳೊಬ್ಬಳೇ ಇದ್ದಳು ಅಂತ ಇದರ ಅರ್ಥ ಅಲ್ಲ. ಅವಳ ಜೊತೆ ಸಾವಿರಾರು ಹೆಂಗಸರಿದ್ದರು. ಒಬ್ಬೊಬ್ಬರಿಗೆ ಬರೀ ಗಂಡುಮಕ್ಕಳಾದವು, ಕೆಲವರಿಗೆ ಮಕ್ಕಳೇ ಆಗಲಿಲ್ಲ, ಅಲ್ಲಿಗೆ ಆ ಎಳೆ ನಿಂತಿತು. ನಮ್ಮ ದೊಡ್ಡವ್ವನಿಗೆ ಮೂವರೂ ಗಂಡುಮಕ್ಕಳೇ. ಅವರ ಮೊಮ್ಮಕ್ಕಳಲ್ಲಿ ಅವರ ಮೈಟೊಕಾಂಡ್ರಿಯ ಇಲ್ಲ. ಲಕ್ಷಾಂತರ ವರ್ಷ ಎಲ್ಲ ಕಡೆ ಆಗುತ್ತಾ ಬಂದದ್ದೂ ಇದೇ.

ಇನ್ನೊಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಹತ್ತು ತಲೆಮಾರು ಹಿಂದೆ ಹೋದರೆ ನಮ್ಮ ಹಿರಿಯರ ಜಾಗ 1,024. ಅದರಲ್ಲಿ ತಾಯಿ ಎಳೆ ಒಬ್ಬರದ್ದು, ತಂದೆ ಎಳೆ ಒಬ್ಬರದ್ದು. ಉಳಿದ 1,022 ಜಾಗದ ಬಗ್ಗೆ ಈ ಪರೀಕ್ಷೆ ಏನೂ ಹೇಳಲ್ಲ.

ಮೊದಲು ಪೆನ್ನು, ಪೇಪರ್, ಅಜ್ಜಿ

ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆ ಒಂದು ದೊಡ್ಡ ಹಾಳೆ ತಗೊಳ್ಳಿ. ಬಲಗಡೆ ತಂದೆ ಎಳೆ: ನೀವು, ಅಪ್ಪ, ತಾತ, ಮುತ್ತಾತ. ಎಡಗಡೆ ತಾಯಿ ಎಳೆ: ನೀವು, ಅವ್ವ, ಅವ್ವನ ಅವ್ವ, ಅವರ ಅವ್ವ.

ಬಲಗಡೆ ಸುಲಭ. ನಾಡಕಚೇರಿಯ ವಂಶವೃಕ್ಷ, ಹಳೇ ಪಹಣಿ, ಮ್ಯುಟೇಶನ್ ರಿಜಿಸ್ಟರ್ (ಇದು ಖಾತೆ ಬದಲಾವಣೆಯದ್ದು, ಮೇಲೆ ಹೇಳಿದ ಮ್ಯುಟೇಶನ್ ಅಲ್ಲ), ವಿಭಾಗಪತ್ರ, ಎಲ್ಲ ಗಂಡಸರ ಸಾಲು ಹಿಡಿದೇ ಬರೆದಿರುತ್ತಾರೆ. ಹೆಳವರು ಬಂದರೆ ಕೂರಿಸಿ, ಕಾಳು ಕೊಟ್ಟು, ಸಮಾಧಾನವಾಗಿ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಬಹುದಾ ಅಂತ ಒಂದು ಮಾತು ಕೇಳಿಯೇ ರೆಕಾರ್ಡ್ ಮಾಡಿಕೊಳ್ಳಿ. ಯಾವ ಮನೆ ಯಾವ ಊರಿಂದ ಬಂತು, ಯಾರು ಒಡೆದು ಬೇರೆ ಹೋದರು ಅನ್ನೋದು ಅವರ ಹತ್ತಿರ ಸಿಗುವ ಹಾಗೆ ಕಚೇರಿಯಲ್ಲಿ ಸಿಗಲ್ಲ.

ಎಡಗಡೆ ಕಷ್ಟ. ಅಲ್ಲಿ ಹೆಸರು ಕೇಳುವ ಬದಲು ತವರು ಕೇಳಿ. ವಯಸ್ಸಾದವರಿಗೆ ಮುತ್ತಜ್ಜಿಯ ಹೆಸರು ಮರೆತಿರಬಹುದು, ಆದರೆ "ಹಬ್ಬಕ್ಕೆ ಯಾವೂರಿಗೆ ಹೋಗ್ತಿದ್ರಿ?", "ಬಾಣಂತನ ಎಲ್ಲಾಯ್ತು?", "ಆ ಊರಿನ ದೇವರು ಯಾವುದು?" ಅಂದರೆ ತಟ್ಟನೆ ನೆನಪಾಗುತ್ತೆ. ಬಾಣಂತನಕ್ಕೆ ಹೋದದ್ದು ತವರಿಗೆ, ಆ ತವರಲ್ಲಿದ್ದ ಅವ್ವನ ತವರು ಇನ್ನೊಂದು ಕಡೆ. ಹೀಗೆ ತವರಿಂದ ತವರಿಗೆ ಹೋದರೆ ತಾಯಿ ಎಳೆಯ ದಾರಿ ಸಿಗುತ್ತೆ. ನನಗೆ ಇದನ್ನು ಹೇಳಿದವರು 80 ದಾಟಿದ ನಮ್ಮ ಚಿಕ್ಕಜ್ಜಿ. ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಒಂದೊಂದು ಊರಿಗೂ ಒಂದೊಂದು ಕಾಳು ಎತ್ತಿ ಮೊರದ ಅಂಚಿಗೆ ಇಟ್ಟುಕೊಂಡು ಹೇಳುತ್ತಾ ಹೋದರು.

ಆ ಕಾಳಿನ ಸಾಲು ನನ್ನ ಎರಡನೇ ಪರೀಕ್ಷೆಯ ದುಡ್ಡು ಉಳಿಸಿತು. ಹೇಗೆ ಅಂದರೆ, ನಮ್ಮವ್ವನನ್ನು ಕೊಟ್ಟಿದ್ದು ಸ್ವಂತ ಸೋದರಮಾವನಿಗೆ. ನಮ್ಮ ಕಡೆ ಆಗಿನ ಕಾಲಕ್ಕೆ ಇದು ಮಾಮೂಲು. ಈಗ ಎಳೆ ಹಿಡಿದು ನೋಡಿ. ನನ್ನ ಮೈಟೊಕಾಂಡ್ರಿಯ ಅವ್ವನದು. ಅವ್ವನಿಗೆ ಅದು ಬಂದದ್ದು ಅವಳ ಅವ್ವನಿಂದ. ಅವಳು ಯಾರು? ನಮ್ಮಪ್ಪನ ಅಕ್ಕ. ಅಪ್ಪನಿಗೂ ಅವರಕ್ಕನಿಗೂ ಮೈಟೊಕಾಂಡ್ರಿಯ ಬಂದದ್ದು ಒಬ್ಬಳೇ ತಾಯಿಯಿಂದ, ಅಂದರೆ ಅಪ್ಪನ ಅವ್ವನಿಂದ. ಹಾಗಾಗಿ ನನ್ನದು, ಅವ್ವನದು, ಅಪ್ಪನದು ಮೂರೂ ಒಂದೇ. ಅಪ್ಪನ ಅವ್ವನ ಎಳೆ ತಿಳಿಯೋಕೆ ಅಪ್ಪನದ್ದೂ ಬೇರೆ ಪರೀಕ್ಷೆ ಮಾಡಿಸಬೇಕು ಅಂತ ಹೊರಟಿದ್ದೆ. ಹಾಳೆಯ ಮೇಲೆ ಗೆರೆ ಎಳೆದ ಮೇಲೆ ಅದು ಬೇಡ ಅಂತ ಗೊತ್ತಾಯ್ತು. ಆ ಎಳೆ ನಾಗಮಂಗಲ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂತು, ಪಾಂಡವಪುರ ಕಡೆಗೆ ಮಗಳಾಗಿ ಹೋಯಿತು, ಮತ್ತೆ ನಮ್ಮನೆ ಹೊಸ್ತಿಲಿಗೇ ಸೊಸೆಯಾಗಿ ವಾಪಸ್ ಬಂತು. ಅದಕ್ಕಿಂತ ಹಿಂದಿನ ಕಾಳು ಕೆ.ಆರ್. ಪೇಟೆ ಕಡೆಯದು. ಇದೇ ಹೊತ್ತಿಗೆ ನಮ್ಮ ತಂದೆ ಎಳೆ ಏಳು ತಲೆಮಾರಿನಿಂದ ಒಂದೇ ಊರು ಬಿಟ್ಟು ಕದಲಿಲ್ಲ.

ಇದು ನಮ್ಮನೆ ಕತೆ ಮಾತ್ರ ಅಲ್ಲ. ಹೆಣ್ಣು ಗಂಡನ ಮನೆಗೆ ಹೋಗುವ ಕಡೆಯೆಲ್ಲ ವೈ ಒಂದೇ ಊರಲ್ಲಿ ಗುಂಪಾಗಿ ನಿಲ್ಲುತ್ತೆ, ಮೈಟೊಕಾಂಡ್ರಿಯ ಊರೂರಿಗೆ ಹರಡುತ್ತೆ. ಜಗತ್ತಿನ ಬೇರೆ ಕಡೆಯ ಅಧ್ಯಯನಗಳಲ್ಲೂ ಇದೇ ಚಿತ್ರ ಸಿಕ್ಕಿದೆ.

ಬಲಗಡೆ ಎಳೆಯಲ್ಲಿ ಎರಡು ಕಡೆ ಹುಷಾರು. ಮನೆಅಳಿಯ ಬಂದಿದ್ದರೆ ಅವರ ಮಕ್ಕಳು ಈ ಮನೆಯ ಆಸ್ತಿ, ಈ ಮನೆಯ ದೇವರು ಅಂತಲೇ ಇರ್ತಾರೆ, ಆದರೆ ವೈ ಅಳಿಯನ ಮನೆಯದು. ದತ್ತು ತಗೊಂಡಿದ್ದರೂ ಅಷ್ಟೇ. ಇವನ್ನು ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡಿ.

ಯಾರ ಮಾದರಿ ತಗೊಳ್ಳಬೇಕು

ನಿಮ್ಮ ತಾಯಿ ಎಳೆಗೆ ನೀವೇ ಸಾಕು, ಗಂಡಾದರೂ ಹೆಣ್ಣಾದರೂ. ತಂದೆ ಎಳೆಗೆ ಗಂಡಸು ಬೇಕು. ನೀವು ಹೆಣ್ಣಾದರೆ ಅಪ್ಪ, ಅಣ್ಣ, ತಮ್ಮ, ಚಿಕ್ಕಪ್ಪ, ದೊಡ್ಡಪ್ಪನ ಮಗ, ಯಾರಾದರೂ ಆಗಬಹುದು. ಅವ್ವನ ಅಪ್ಪನ ಎಳೆ ಬೇಕಾದರೆ ಸೋದರಮಾವ ಇಲ್ಲವೇ ಅವರ ಮಗ. ಅಪ್ಪನ ಅವ್ವನ ಎಳೆ ಬೇಕಾದರೆ ಅಪ್ಪ, ಇಲ್ಲವೇ ಅಪ್ಪನ ಅಕ್ಕತಂಗಿಯರು, ಇಲ್ಲವೇ ಅವರ ಮಕ್ಕಳು.

ಮನೆಯಲ್ಲಿ ತುಂಬ ವಯಸ್ಸಾದವರದ್ದು ಮೊದಲು. ಮುಂದಿನ ವರ್ಷ ನೋಡೋಣ ಅಂತ ಬಿಡಬೇಡಿ.

ಒಪ್ಪಿಗೆ ಕೇಳುವಾಗ ಸುಮ್ನೆ "ಒಂದು ಟೆಸ್ಟು" ಅನ್ನಬೇಡಿ, ವಿಷಯ ಬಿಡಿಸಿ ಹೇಳಿ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಬಂಧ ಹೊರಗೆ ಬರಬಹುದು, ದಾಯಾದಿ ಅಂದುಕೊಂಡವರ ವೈ ಬೇರೆಯಾಗಿರಬಹುದು. ಹಾಗೆ ಬಂದರೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅಂತ ಮೊದಲೇ ಮಾತಾಡಿಕೊಳ್ಳಿ. ಬೇಡ ಅಂದವರನ್ನು ಒತ್ತಾಯ ಮಾಡಬೇಡಿ. ನಮ್ಮ ಮಾವ ಒಬ್ಬರು ಬೇಡ ಅಂದರು, ಅಲ್ಲಿಗೆ ಬಿಟ್ಟೆ.

ಯಾವ ಪರೀಕ್ಷೆ

ಜಾಹೀರಾತಿನಲ್ಲಿ ಕಾಣುವ ಅಗ್ಗದ ಪರೀಕ್ಷೆಗಳು ಹೆಚ್ಚಾಗಿ ಕಲಸಿದ ಡಿಎನ್‌ಎ ನೋಡುತ್ತವೆ. ಶೇಕಡಾ ಇಷ್ಟು ಈ ಪ್ರದೇಶ ಅಂತ ಬಣ್ಣದ ನಕ್ಷೆ ಕೊಡುತ್ತವೆ. ನಮಗೆ ಬೇಕಾದ್ದು ಅದಲ್ಲ. ತಾಯಿ ಎಳೆಗೆ ಪೂರ್ತಿ 16,569 ಅಕ್ಷರ ಓದುವ ಪರೀಕ್ಷೆಯನ್ನೇ ಕೇಳಿ. ಬರೀ ಕಂಟ್ರೋಲ್ ರೀಜನ್ ಅನ್ನುವ ಅದರ ಚಿಕ್ಕ ತುಂಡನ್ನು ಓದುವುದು ಹಳೇ ಪದ್ಧತಿ. ನಮ್ಮ ಕಡೆ ಸಿಗುವ ಎಂ ಅನ್ನುವ ಹ್ಯಾಪ್ಲೊಗ್ರೂಪಿನ ಕೊಂಬೆಗಳನ್ನು ಬೇರೆ ಮಾಡೋಕೆ ಅದು ಸಾಲದು.

ತಂದೆ ಎಳೆಯಲ್ಲಿ ಎರಡು ಬಗೆ. ಎಸ್‌ಟಿಆರ್ ಅಂದರೆ ಒಂದೇ ಅಕ್ಷರಗುಚ್ಛ ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸುವುದು. ಬೇಗ ಬದಲಾಗುತ್ತೆ, ಹತ್ತಿರದ ದಾಯಾದಿಗಳನ್ನು ಹೋಲಿಸೋಕೆ ಸರಿ. ಎಸ್‌ಎನ್‌ಪಿ ಅಂದರೆ ಒಂದೊಂದು ಅಕ್ಷರದ ಬದಲಾವಣೆ. ಮರದಲ್ಲಿ ನಿಮ್ಮ ರೆಂಬೆ ಎಲ್ಲಿದೆ ಅಂತ ಗಟ್ಟಿಯಾಗಿ ಹೇಳುವುದು ಇದೇ. ಫ್ಯಾಮಿಲಿ ಟ್ರೀ ಡಿಎನ್‌ಎಯಂಥ ಕಂಪನಿಗಳು ಪೂರ್ತಿ ಮೈಟೊಕಾಂಡ್ರಿಯವನ್ನೂ, ವೈಯನ್ನೂ ಬೇರೆಬೇರೆಯಾಗಿ ಓದಿಕೊಡುತ್ತವೆ. ಇಡೀ ಜೀನೋಮ್ ಓದಿಸಿದರೆ ಎರಡೂ ಅದರಲ್ಲೇ ಬರುತ್ತೆ. ಯಾರ ಹತ್ತಿರ ಮಾಡಿಸಿದರೂ ಮೂಲ ಕಡತ, ಅಂದರೆ ಕಚ್ಚಾ ಡೇಟಾ, ಕೈಗೆ ಕೊಡುತ್ತಾರಾ ಅಂತ ಮೊದಲು ಕೇಳಿ. ಕೊಡಲ್ಲ ಅಂದರೆ ಬೇಡ.

ಖಾತೆ ಮುಚ್ಚಿದರೆ ಮಾದರಿ, ಡೇಟಾ ಎರಡನ್ನೂ ಅಳಿಸುತ್ತಾರಾ ಅನ್ನೋದನ್ನೂ ಓದಿ. 23ಆ್ಯಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸೋಕೆ ಆಗಲ್ಲ ಅಲ್ವಾ?

ಕೆನ್ನೆಯ ಒಳಗಿಂದ ಮಾದರಿ ತೆಗೆಯುವುದು

ಬೆಳಗ್ಗೆ, ಏನೂ ತಿನ್ನದೆ ಕುಡಿಯದೆ ಇದ್ದಾಗ ತೆಗೆಯುವುದು ಒಳ್ಳೆಯದು. ಹಿರಿಯರು ಎಲೆಅಡಿಕೆ ಹಾಕುವವರಾದರೆ ಇದು ಮುಖ್ಯ. ಸುಣ್ಣ, ಅಡಿಕೆ ಚೂರು, ಹೊಗೆಸೊಪ್ಪು ಕೆನ್ನೆಗೆ ಅಂಟಿಕೊಂಡಿರುತ್ತೆ. ಬಾಯಿ ಚೆನ್ನಾಗಿ ಮುಕ್ಕಳಿಸಿ, ಒಂದು ಗಂಟೆ ಹಾಗೇ ಬಿಟ್ಟು, ಆಮೇಲೆ ಕಿಟ್‌ನಲ್ಲಿ ಬಂದ ಕಡ್ಡಿಯ ತುದಿಯನ್ನು ಕೆನ್ನೆಯ ಒಳಭಾಗಕ್ಕೆ ಸುತ್ತ ತಿಕ್ಕಿ. ಪೊಟ್ಟಣದ ಮೇಲೆ ಎಷ್ಟು ಹೊತ್ತು ಅಂತ ಬರೆದಿರುತ್ತೋ ಅಷ್ಟು ಹೊತ್ತೂ ತಿಕ್ಕಬೇಕು. ತುದಿಯನ್ನು ಕೈಯಲ್ಲಿ ಮುಟ್ಟಬೇಡಿ.

ಹೆಸರು ಬರೆದು ಆಮೇಲೆ ಕಡ್ಡಿ ತೆಗೆಯಿರಿ. ನಾನು ಇದನ್ನು ತಿರುಗಾಮುರುಗಾ ಮಾಡಿದೆ. ತಂದೆ ಎಳೆಗೆ ಅಪ್ಪನದ್ದೂ ತಾಯಿ ಎಳೆಗೆ ನನ್ನದೂ ಒಟ್ಟಿಗೇ ತೆಗೆದು ಎರಡನ್ನೂ ಜಗಲಿ ಮೇಲಿಟ್ಟೆ, ಅಷ್ಟರಲ್ಲಿ ಯಾರೋ ಬಂದರು, ಮಾತಾಡಿ ವಾಪಸ್ ಬಂದಾಗ ಯಾವುದು ಯಾರದ್ದು ಅಂತ ಗೊತ್ತಾಗಲಿಲ್ಲ. ಎರಡೂ ಎಸೆದು ಹೊಸ ಕಿಟ್ ತರಿಸಬೇಕಾಯ್ತು.

ಫಲಿತಾಂಶ ಓದುವುದು

ಇಲ್ಲಿ ನಿಧಾನ ಮಾಡಿ, ಜಾಸ್ತಿ ಜನ ಎಡವುವುದು ಇಲ್ಲೇ.

ತಾಯಿ ಎಳೆಯ ಫಲಿತಾಂಶದಲ್ಲಿ "263ಜಿ, 750ಜಿ, 1438ಜಿ" ಹೀಗೆ ಒಂದು ಪಟ್ಟಿ ಇರುತ್ತೆ. ಇಷ್ಟನೇ ಜಾಗದಲ್ಲಿ ನಿಮ್ಮಲ್ಲಿ ಈ ಅಕ್ಷರ ಇದೆ, ಹೋಲಿಕೆಯ ಪ್ರತಿಯಲ್ಲಿ ಬೇರೆ ಇದೆ ಅಂತ ಅದರ ಅರ್ಥ. ಹೋಲಿಕೆಯ ಪ್ರತಿ 1981ರಲ್ಲಿ ಕೇಂಬ್ರಿಜ್‌ನಲ್ಲಿ ಓದಿದ್ದು, 1999ರಲ್ಲಿ ತಿದ್ದಿದ್ದು, ಯೂರೋಪಿನ ಒಬ್ಬ ವ್ಯಕ್ತಿಯದು. ಅದು ಎಚ್ ಗುಂಪಿನ ಒಂದು ಚಿಕ್ಕ ರೆಂಬೆಗೆ ಸೇರಿದ್ದು. ಹಾಗಾಗಿ ನಮ್ಮ ಪಟ್ಟಿ ಉದ್ದ ಇರುತ್ತೆ. ಪಟ್ಟಿ ಉದ್ದ ಇದ್ದರೆ ನಿಮ್ಮ ಡಿಎನ್‌ಎಯಲ್ಲಿ ದೋಷ ಅಂತ ಅಲ್ಲ, ಅಳೆಯುವ ಕೋಲು ನಮ್ಮಿಂದ ದೂರ ಇದೆ, ಅಷ್ಟೇ. 263, 750, 1438 ಬದಲಾವಣೆಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಬರುತ್ತವೆ, ಅವನ್ನು ನೋಡಿ ಏನೂ ತಿಳಿಯಲ್ಲ.

ನೋಡಬೇಕಾದ ಮೊದಲ ಜಾಗ 10400. ಅಲ್ಲಿ ಟಿ ಇದ್ದು, ಜೊತೆಗೆ 489ರಲ್ಲಿ ಸಿ, 14783ರಲ್ಲಿ ಸಿ, 15043ರಲ್ಲಿ ಎ ಇದ್ದರೆ ನೀವು ಎಂ ಗುಂಪು. ಆಫ್ರಿಕಾದ ಎಲ್3 ಕೊಂಬೆಯಿಂದ ಹೊರಟು ಆಫ್ರಿಕಾದ ಆಚೆ ಎಲ್ಲೆಡೆ ಹರಡಿದ್ದು ಎಂ ಮತ್ತು ಎನ್ ಅನ್ನುವ ಎರಡೇ ಕೊಂಬೆ. ಭಾರತದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎಂ. ಅದರಲ್ಲಿ ಎಂ2, ಎಂ3, ಎಂ5, ಎಂ6, ಎಂ30 ಹೀಗೆ ನಮ್ಮ ನೆಲದಲ್ಲೇ ಬೆಳೆದ ಕೊಂಬೆಗಳು ತುಂಬ ಇವೆ. ಎಂ2 ಬಹಳ ಹಳೆಯದು.

10400ರಲ್ಲಿ ಬದಲಾವಣೆ ಇಲ್ಲದಿದ್ದರೆ 12705 ಮತ್ತು 16223 ನೋಡಿ. ಆ ಎರಡು ಜಾಗವೂ ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂದರೆ ನೀವು ಎನ್ ಕೊಂಬೆಯ ಆರ್ ಗುಂಪು ಅಂತ ಲೆಕ್ಕ. ಆರ್ ಒಳಗೆ 11467ಜಿ, 12308ಜಿ, 12372ಎ ಮೂರೂ ಇದ್ದರೆ ಯು. 16051ಜಿ ಕೂಡ ಇದ್ದರೆ ಯು2 ಇರಬಹುದು, ಅದು ನಮ್ಮಲ್ಲಿ ಹಳೇ ಕೊಂಬೆ. ಹರಿಯಾಣದ ರಾಖಿಗಢಿಯಲ್ಲಿ ಸಿಂಧೂ ನಾಗರಿಕತೆಯ ಒಬ್ಬ ಹೆಂಗಸಿನ ಅಸ್ಥಿಪಂಜರದಿಂದ ಡಿಎನ್‌ಎ ತೆಗೆದು 2019ರಲ್ಲಿ ಪ್ರಕಟಿಸಿದರಲ್ಲ, ಅವಳ ತಾಯಿ ಎಳೆ ಯು2ಬಿ2. ಸುಮಾರು 4,500 ವರ್ಷದ ಹಿಂದಿನವಳು. ಆ ರೆಂಬೆ ಈಗಲೂ ದಕ್ಷಿಣ ಏಷ್ಯಾದ ಜನರಲ್ಲಿ ಇದೆ. ಇದನ್ನು ಓದಿದ ದಿನ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಕೈಯಲ್ಲಿ ಹೀಗೆ ಒಮ್ಮೆ ನೋಡಿ ಅರ್ಥ ಮಾಡಿಕೊಂಡ ಮೇಲೆ ಪಟ್ಟಿಯನ್ನು ಹ್ಯಾಪ್ಲೊಗ್ರೆಪ್ ಅನ್ನುವ ಉಚಿತ ತಂತ್ರಾಂಶಕ್ಕೆ ಹಾಕಿ. ಗುಂಪಿನ ಹೆಸರನ್ನೂ, ಅದು ಎಷ್ಟು ನಂಬಬಹುದು ಅನ್ನುವ ಅಂಕವನ್ನೂ ಕೊಡುತ್ತೆ.

ತಂದೆ ಎಳೆಯಲ್ಲಿ ನಮ್ಮ ಕಡೆ ಸಿಗುವ ಮುಖ್ಯ ಗುಂಪುಗಳು ಇವು. ಎಚ್, ಅದರ ಗುರುತು ಎಂ69. ಇದು ಬಹುಪಾಲು ಭಾರತ ಉಪಖಂಡದ್ದೇ. ಎಲ್, ಗುರುತು ಎಂ20. ಆರ್2, ಗುರುತು ಎಂ124. ಆರ್1ಎ, ಗುರುತು ಎಂ198, ನಮ್ಮಲ್ಲಿರುವುದು ಹೆಚ್ಚಾಗಿ ಅದರ ಝಡ್93 ಕೊಂಬೆ. ಜೆ2, ಗುರುತು ಎಂ172. ಇಲ್ಲಿ ಎಂ69ರ ಎಂ ಅಂದರೆ ಬದಲಾವಣೆಗೆ ಇಟ್ಟ ಹೆಸರು, ತಾಯಿ ಎಳೆಯ ಎಂ ಗುಂಪಿಗೂ ಇದಕ್ಕೂ ಸಂಬಂಧ ಇಲ್ಲ. ಹಾಗೇ ತಾಯಿ ಎಳೆಯ ಎಚ್ ಬೇರೆ, ತಂದೆ ಎಳೆಯ ಎಚ್ ಬೇರೆ. ಅಕ್ಷರ ಒಂದೇ ಅಂತ ಎರಡನ್ನೂ ಸೇರಿಸಿ ಗೊಂದಲ ಮಾಡಿಕೊಂಡವರು ತುಂಬ ಜನ.

ಎಷ್ಟು ವರ್ಷದ ಹಿಂದೆ ಅಂತ ಲೆಕ್ಕ ಹಾಕುವುದು

ಪೂರ್ತಿ ಮೈಟೊಕಾಂಡ್ರಿಯದಲ್ಲಿ ಒಂದು ಬದಲಾವಣೆ ಆಗೋಕೆ ಸರಾಸರಿ 3,600 ವರ್ಷದ ಆಸುಪಾಸು ಬೇಕು. ಹಾಗಾಗಿ ಮಳವಳ್ಳಿಯವರೊಬ್ಬರದ್ದೂ ನಿಮ್ಮದೂ ಅಕ್ಷರಕ್ಕೆ ಅಕ್ಷರ ಹೊಂದಿದರೆ ಅವರು ಮೂರು ತಲೆಮಾರಿನ ನೆಂಟರೂ ಆಗಿರಬಹುದು, ಸಾವಿರಾರು ವರ್ಷದ ಹಿಂದೆ ಬೇರೆಯಾದವರೂ ಆಗಿರಬಹುದು. ತಾಯಿ ಎಳೆಯ ಗಡಿಯಾರ ನಿಧಾನ. ಅದಕ್ಕೇ ತವರಿನ ಸಾಲು ಬರೆದಿಟ್ಟುಕೊಳ್ಳಿ ಅಂದದ್ದು.

ವೈ ಗಡಿಯಾರ ಇದಕ್ಕಿಂತ ಚುರುಕು. ವರ್ಷಕ್ಕೆ 100 ಕೋಟಿ ಅಕ್ಷರದಲ್ಲಿ ಸುಮಾರು 0.8 ಬದಲಾವಣೆ. ಪರೀಕ್ಷೆ 1 ಕೋಟಿ ಅಕ್ಷರ ಚೆನ್ನಾಗಿ ಓದಿದೆ ಅಂದರೆ 125 ವರ್ಷಕ್ಕೆ ಒಂದು. ಆರು ತಲೆಮಾರು ಹಿಂದೆ, ಅಂದಾಜು 180 ವರ್ಷದ ಹಿಂದೆ ಬೇರೆಯಾದ ದಾಯಾದಿಗಳಿಬ್ಬರು ಪರೀಕ್ಷೆ ಮಾಡಿಸಿದರೆ ಒಬ್ಬೊಬ್ಬರಲ್ಲಿ ಒಂದೆರಡು ಹೊಸ ಬದಲಾವಣೆ ಕಾಣಬೇಕು. ಒಬ್ಬರಲ್ಲಿ ಸೊನ್ನೆ, ಇನ್ನೊಬ್ಬರಲ್ಲಿ ಮೂರು ಬಂದರೂ ಗಾಬರಿ ಬೇಡ, ಸರಾಸರಿ ಅಂದರೆ ಹಾಗೇ. ಇಬ್ಬರ ನಡುವೆ ಮೂವತ್ತು ನಲವತ್ತು ಬಂತು ಅಂದರೆ ಮಾತ್ರ ಹಾಳೆಯಲ್ಲಿ ಬೇರೆ ಬಣ್ಣದ ಗುರುತು ಇದೆಯಾ ಅಂತ ನೋಡಿ.

ನಮ್ಮ ಮನೆಯಿಂದ ನಾಡಿನ ಚರಿತ್ರೆಗೆ

ಎರಡು ಎಳೆಯಿಂದ ಒಂದು ಜನಾಂಗದ ಚರಿತ್ರೆ ಬರೆಯೋಕೆ ಆಗಲ್ಲ. ಅದಕ್ಕೆ ಸಾವಿರಾರು ಜನರ ಎಳೆ, ಕಲಸಿದ ಡಿಎನ್‌ಎ, ಹಳೇ ಮೂಳೆ, ಭಾಷೆ, ಉತ್ಖನನ ಎಲ್ಲ ಬೇಕು. ಆ ಕೆಲಸ ಹತ್ತಿರದಲ್ಲೇ ನಡೆದಿದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ. ಭಾರತದ ಬುಡಕಟ್ಟುಗಳ ಕೆಲವರಲ್ಲಿ ಸಿಕ್ಕ ತಾಯಿ ಎಳೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂ42 ಕೊಂಬೆಯ ಜೊತೆ ಬುಡದಲ್ಲಿ ಸೇರುತ್ತೆ ಅಂತ 2009ರಲ್ಲಿ ಪ್ರಕಟಿಸಿದವರು ಆ ಸಂಸ್ಥೆಯ ಸಂಶೋಧಕರು.

ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ) ಮತ್ತು ಹಾರ್ವರ್ಡ್‌ನವರು ಸೇರಿ ಮಾಡಿದ 2009 ಮತ್ತು 2013ರ ಅಧ್ಯಯನಗಳನ್ನೂ ತಿಳಿದಿರಿ. ಭಾರತದ ಬಹುಪಾಲು ಜನ ಎರಡು ಹಳೇ ಗುಂಪುಗಳು ಬೇರೆಬೇರೆ ಪಾಲಿನಲ್ಲಿ ಬೆರೆತು ಆದವರು, ಆ ಬೆರಕೆ ಸುಮಾರು 4,200ರಿಂದ 1,900 ವರ್ಷದ ಹಿಂದೆ ನಡೆಯಿತು, ಆಮೇಲೆ ಜಾತಿಯೊಳಗೇ ಮದುವೆ ಬಿಗಿಯಾಯಿತು ಅಂತ ಅವು ಹೇಳುತ್ತವೆ. ಮಧ್ಯ ಏಷ್ಯಾ ಕಡೆಯ ಸ್ಟೆಪ್ ಅನ್ನುವ ಹುಲ್ಲುಗಾವಲಿನಿಂದ ಬಂದ ಪಾಲು ತಂದೆ ಎಳೆಯಲ್ಲಿ ಜಾಸ್ತಿ, ತಾಯಿ ಎಳೆಯಲ್ಲಿ ಕಡಿಮೆ. ಬಂದವರಲ್ಲಿ ಗಂಡಸರ ಎಳೆ ಹೆಚ್ಚು ಉಳಿಯಿತು, ತಾಯಂದಿರು ಬಹುಪಾಲು ಇಲ್ಲಿಯವರೇ.

ತಿ. ನರಸೀಪುರದಲ್ಲಿ 1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅವರು ಅಗೆಸಿದಾಗ ನವಶಿಲಾಯುಗದ ಸಮಾಧಿಗಳು ಸಿಕ್ಕಿದ್ದವು. ಕಾವೇರಿ ಕಪಿಲೆ ಸೇರುವ ಆ ಜಾಗದವರ ಎಳೆ ಯಾವುದು ಅಂತ ತಿಳಿಯುವ ಆಸೆ ನನಗೆ ಬಹಳ ಇದೆ. ಆದರೆ ನಮ್ಮ ಬಿಸಿಲು, ತೇವಕ್ಕೆ ಮೂಳೆಯ ಡಿಎನ್‌ಎ ಬೇಗ ಹಾಳಾಗುತ್ತೆ. ರಾಖಿಗಢಿಯಲ್ಲೂ 60ಕ್ಕೂ ಜಾಸ್ತಿ ಮಾದರಿ ನೋಡಿದ ಮೇಲೆ ಸಿಕ್ಕಿದ್ದು ಒಂದೇ.

ಈಗ ಖಡಾಖಂಡಿತವಾಗಿ ಹೇಳಬೇಕಾದ ಮಾತು. ಜಾತಿಗೊಂದು ಹ್ಯಾಪ್ಲೊಗ್ರೂಪ್ ಅಂತ ಇಲ್ಲ. ಎಂ2 ಕಾಡಿನ ಹಾಡಿಯಲ್ಲೂ ಸಿಗುತ್ತೆ, ಅಗ್ರಹಾರದಲ್ಲೂ ಸಿಗುತ್ತೆ. ಎಚ್, ಎಲ್, ಆರ್1ಎ, ಆರ್2, ಜೆ2 ಎಲ್ಲವೂ ಬೇರೆಬೇರೆ ಸಮುದಾಯಗಳಲ್ಲಿ ಹರಡಿವೆ, ಪಾಲು ಹೆಚ್ಚುಕಡಿಮೆ. ಆರ್1ಎ ಬಂತು ಅಂತ ಮೀಸೆ ತಿರುವುವವರನ್ನೂ, ಎಚ್ ಬಂತು ಅಂತ ಮುಖ ಸಣ್ಣ ಮಾಡಿಕೊಂಡವರನ್ನೂ ನೋಡಿದ್ದೇನೆ. ಇಬ್ಬರೂ 1,024ರಲ್ಲಿ ಒಬ್ಬರನ್ನು ಮಾತ್ರ ನೋಡುತ್ತಿದ್ದಾರೆ. ಫಲಿತಾಂಶ ಹಿಡಿದು ಯಾರನ್ನಾದರೂ ಹೊರಗಿನವರು, ಒಳಗಿನವರು ಅನ್ನೋಕೆ ಹೊರಡುವುದಾದರೆ ದಯವಿಟ್ಟು ಈ ಪರೀಕ್ಷೆ ಮಾಡಿಸಬೇಡಿ.

ಬರೆದಿಡುವುದು

ಗುಂಪಿನ ಹೆಸರು ಮಾತ್ರ ಬರೆದಿಟ್ಟರೆ ಸಾಲದು. ಹೊಸ ಮಾದರಿ ಬಂದ ಹಾಗೆಲ್ಲ ಮರದಲ್ಲಿ ಹೊಸ ರೆಂಬೆ ಸೇರುತ್ತೆ, ಹೆಸರು ಬದಲಾಗುತ್ತೆ. ಬದಲಾವಣೆಗಳ ಪಟ್ಟಿ, ಪರೀಕ್ಷೆ ಮಾಡಿಸಿದ ತಿಂಗಳು, ಯಾರ ಮಾದರಿ, ಎಷ್ಟು ಅಕ್ಷರ ಓದಿದ್ದು, ಇಷ್ಟನ್ನೂ ಬರೆಯಿರಿ. ವರ್ಷಕ್ಕೊಮ್ಮೆ ಪಟ್ಟಿಯನ್ನು ಮತ್ತೆ ಹಾಕಿ ನೋಡಿ.

ಆ ದೊಡ್ಡ ಹಾಳೆಯನ್ನೂ ಅದರ ಜೊತೆಗೇ ಇಡಿ. ನಮ್ಮನೆ ಹಾಳೆ ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಎಡಗಡೆ ಸಾಲಿನಲ್ಲಿ ಅವ್ವ, ಅಜ್ಜಿ, ಮುತ್ತಜ್ಜಿ, ಮೂವರ ಹೆಸರೂ ಊರೂ ಇದೆ. ನಾಲ್ಕನೆಯವರ ಹೆಸರು ಸಿಗಲಿಲ್ಲ, ಊರಷ್ಟೇ ಬರೆದಿದ್ದೇನೆ. ಮುಂದಿನ ಜಾತ್ರೆಗೆ ಚಿಕ್ಕಜ್ಜಿಯನ್ನು ಕರೆದುಕೊಂಡು ಕೆ.ಆರ್. ಪೇಟೆ ಕಡೆ ಹೋಗುವುದಿದೆ.